ನಾನಲ್ಲಿದ್ದಾಗ ಇದ್ದ ನದಿ

ಇಪ್ಪತ್ತಾರು ವರ್ಷದ ಹಿಂದೆ ಒಂದು ಕ್ಯಾಲೆಂಡರ್ ಕಣ್ಣಿಗೆ ಬೀಳದೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅದು ಮಾವನವರ ಮನೆಯ ಗೋಡೆಯ ಮೇಲೆ ತೂಗುತ್ತಿತ್ತು. ಅವರು ಆಗಿನ್ನೂ ಮಾವನವರಾಗಿರಲಿಲ್ಲ. ಮಗಳನ್ನು ಕೇಳಲು ಬಂದ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, "ಓದು ಮುಗಿಸಿ ಎರಡು ವರ್ಷ ಎಲ್ಲಿದ್ರಿ?" ಎಂದು ಕೇಳಿದ ದಪ್ಪ ಮೀಸೆಯ ಒಬ್ಬ ಮನುಷ್ಯ, ಅಷ್ಟೇ. ನಿಜ ಹೇಳಬೇಕೆಂದರೆ ಹುಡುಗ ಆ ಎರಡು ವರ್ಷ ಅಕ್ಕನ ಮನೆಯಲ್ಲಿ ಉಂಡುಕೊಂಡು, ಭಾವನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಆದರೆ ಮೀಸೆಯ ಹಿಂದುಗಡೆ ಕ್ಯಾಲೆಂಡರ್ ಇತ್ತಲ್ಲ. ಅದರಲ್ಲಿ ಯಾವುದೋ ದೂರದೇಶದ ಬಂದರು. ಗಡಿಯಾರದ ಗೋಪುರ, ಅಗಲವಾದ ನದಿ, ನದಿಗೆ ಕಲ್ಲಿನ ಸೇತುವೆ, ಸೇತುವೆಯ ಎರಡು ತುದಿಗೂ ಕಲ್ಲಿನ ಸಿಂಹ. ಚಿತ್ರದ ಕೆಳಗೆ ಊರಿನ ಹೆಸರು. ಹುಡುಗ ಅದನ್ನು ಓದಿ ಹೇಳಿಬಿಟ್ಟ. "ಅಲ್ಲಿ ಹಡಗಿನ ಏಜೆಂಟರ ಆಫೀಸಲ್ಲಿ ಕೆಲಸಕ್ಕಿದ್ದೆ," ಅಂದ.

ಮದುವೆಯಾಯಿತು. ಕ್ಯಾಲೆಂಡರ್ ಆ ವರ್ಷದ ಕೊನೆಗೆ ರದ್ದಿಗೆ ಹೋಯಿತು. ಸುಳ್ಳು ಮಾತ್ರ ಮನೆಯಲ್ಲೇ ಉಳಿದು, ಹೊತ್ತು ಹೊತ್ತಿಗೆ ಉಂಡು ಮೈ ಬೆಳೆಸಿಕೊಂಡಿತು.

ಈಗ ಅವನು ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದ ಮೇಲ್ವಿಚಾರಕ. ಯಾರು ಏನೇ ಮಾತು ತೆಗೆದರೂ, "ನಾನಲ್ಲಿದ್ದಾಗ..." ಎಂದು ಶುರು ಮಾಡುತ್ತಾನೆ. ಕಾಫಿ ನೀರಾಗಿದ್ದರೆ ಅವನು ಅಲ್ಲಿದ್ದಾಗ ಕಾಫಿಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು. ಬಸ್ಸು ತಡವಾದರೆ ಅವನು ಅಲ್ಲಿದ್ದಾಗ ಬಸ್ಸನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕಚೇರಿಯವರು ಅವನಿಗೆ "ನಾನಲ್ಲಿದ್ದಾಗ" ಎಂದೇ ಹೆಸರಿಟ್ಟಿದ್ದರು. ಹಿಂದಿನಿಂದ ನಗುತ್ತಿದ್ದರೂ ಎದುರಿಗೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಏಕೆಂದರೆ ತಮ್ಮದೇ ಪೈಪ್‌ಲೈನ್ ಮುಗಿಯುವ ಜಾಗದಿಂದ ಆಚೆ ಆ ಕಚೇರಿಯಲ್ಲಿ ಯಾರೂ ಹೋಗಿರಲಿಲ್ಲ. ಹೊರಗಿನಿಂದ ಯಾರಾದರೂ ದೊಡ್ಡ ಮನುಷ್ಯರು ಬಂದರೆ ಚೀಫ್ ಇಂಜಿನಿಯರ್ ಮೇಡಂ ಮೊದಲು ಕರೆಯುತ್ತಿದ್ದದ್ದು ಅವನನ್ನೇ. ಮನೆಯಲ್ಲಿ ಹೆಂಡತಿ ತನ್ನ ನಾಲ್ವರು ಅಕ್ಕತಂಗಿಯರ ನಡುವೆ ತಲೆಯೆತ್ತಿ ಕೂರುತ್ತಿದ್ದದ್ದೂ ಅದೇ ಎರಡು ವರ್ಷದ ಮೇಲೆ. ಆ ಎರಡು ವರ್ಷ ಕಿತ್ತುಕೊಂಡರೆ ಉಳಿಯುವುದು ಒಂದು ಹೊಟ್ಟೆ, ಒಂದು ಬೋಳು ತಲೆ, ಒಂದು ಮೇಜು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ನೌಕರರ ಸಂಘದವರು ಹಡಗಿನ ಪ್ರವಾಸ ಹೊರಡಿಸಿದರು. ಮೊದಲು ಹೆಸರು ಕೊಟ್ಟವನು ಅವನೇ. ಹಡಗು ಯಾವ ಯಾವ ಬಂದರಲ್ಲಿ ನಿಲ್ಲುತ್ತದೆಂಬ ಪಟ್ಟಿ ಓದಿದ್ದು ಆಮೇಲೆ. ನಾಲ್ಕನೆಯ ಸಾಲಿನಲ್ಲಿ ಆ ಊರಿತ್ತು. ಅವನು ಹಾವು ತುಳಿದವನ ಹಾಗೆ ಎದ್ದು ನಿಂತ. ಅಷ್ಟರಲ್ಲಿ ಹೆಂಡತಿ ಉಲ್ಲನ್ ತಂದು ಶಾಲು ಹೆಣೆಯಲು ಕೂತಾಗಿತ್ತು.

ಶಾಲು ಅಜ್ಜಿಗೆ. ಅಜ್ಜಿ ಯಾರೆಂದರೆ, ಅವನು ಅಲ್ಲಿದ್ದಾಗ ಮಹಡಿಯ ಮೇಲೊಂದು ಕೋಣೆ ಕೊಟ್ಟು, ಜ್ವರ ಬಂದರೆ ತಲೆ ಒತ್ತಿ, ಹೊರಟ ದಿನ ಕಿಟಕಿಯಲ್ಲಿ ನಿಂತು ಅತ್ತ ಮನೆಯೊಡತಿ. ಮದುವೆಯಾದ ನಾಲ್ಕನೆಯ ವರ್ಷ, ಹೆಂಡತಿ ಪಕ್ಕದ ಮನೆಯ ಗಂಡಸನ್ನು ಹೊಗಳಿದ ಒಂದು ಸಂಜೆ, ಆ ಅಜ್ಜಿ ಹುಟ್ಟಿದ್ದಳು.

ಹಡಗು ಬಂದರಿಗೆ ತಾಗುವ ದಿನ ಬೆಳಿಗ್ಗೆ, ಊಟದ ಹಾಲಿನಲ್ಲಿ ಕಚೇರಿಯ ಹದಿನಾಲ್ಕು ಜನ ಎರಡು ಮೇಜು ಜೋಡಿಸಿಕೊಂಡು ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದರು. ಇಳಿದು ಸುತ್ತಲು ಆರು ಗಂಟೆ ಸಮಯ. ನೀಲಿ ಬಸ್ಸು ಬೀಚಿಗೆ, ಹಳದಿ ಬಸ್ಸು ಹಳೇ ಪೇಟೆಗೆ. ಯಾವುದು ಬೇಕೋ ಹತ್ತಬಹುದು.

"ನನ್ನ ಕೇಳಿದ್ರೆ ಬೀಚು," ಎಂದ ಅವನು, ಯಾರೂ ಕೇಳುವ ಮೊದಲೇ. "ಮರಳು ಅಂದ್ರೆ ಅಲ್ಲಿಯ ಮರಳು. ಸಕ್ಕರೆ ಥರ. ಒಂದು ಗಂಟೆ ಅದರಲ್ಲಿ ಕಾಲು ಹೂತು ಕೂತ್ರೆ ಹತ್ತು ವರ್ಷದ ಕೀಲುನೋವು ಹೋಗುತ್ತೆ."

ಕ್ಯಾಷಿಯರ್ ಮೊಟ್ಟೆ ಬಿಟ್ಟು ತಲೆಯೆತ್ತಿದ. ಸಂಘದ ಕಾರ್ಯದರ್ಶಿಯಾಗಿದ್ದರಿಂದ ಎಲ್ಲದರಲ್ಲೂ ಮೂಗು ತೂರಿಸುವುದು ಅವನ ಹಕ್ಕು. "ಅಲ್ಲ ಸಾರ್, ಇಷ್ಟು ವರ್ಷ ನೀವು ನಮ್ಮ ತಲೆ ತಿಂದಿದ್ದು ಗೋಪುರ, ಸೇತುವೆ, ಸಿಂಹ ಅಂತ. ಬೀಚಿನ ಸುದ್ದಿ ಒಂದು ದಿನಾನೂ ಎತ್ತಿಲ್ಲವಲ್ಲ."

"ಗೋಪುರ ಎಲ್ಲಿ ಹೋಗುತ್ತೆ? ಅದು ಅಲ್ಲೇ ಇರುತ್ತೆ. ಬೀಚು..."

"ಬೀಚೇನು ಎದ್ದು ಹೋಗುತ್ತಾ?"

"ನನಗಂತೂ ಬೀಚೇ," ಎಂದ ಪಂಪ್ ಆಪರೇಟರ್. ಅವನು ಮಾತು ಕಮ್ಮಿಯ ಮನುಷ್ಯ. "ಹಳೇ ಮನೆ ನೋಡೋಕೆ ಇಷ್ಟು ದೂರ ಬರಬೇಕಾ? ನಮ್ಮ ಮನೆನೂ ಹಳೇದೇ."

ಹಾಗೆ ನೋಡಿದರೆ ಹಳೇ ಪೇಟೆ ಯಾರಿಗೂ ಬೇಕಿರಲಿಲ್ಲ. ಇತಿಹಾಸವೆಂದರೆ ಅವರಿಗೆ ಹಳೆಯ ಬಾಕಿ ಕಡತ ಇದ್ದ ಹಾಗೆ, ಧೂಳು ಕೊಡವದೆ ಇಟ್ಟರೆ ಒಳ್ಳೆಯದು. ಆದರೆ ಬೀಚಿಗೆ ಹೋಗುತ್ತೇನೆಂದರೆ ತಿಳಿವಳಿಕೆ ಸಾಲದವರ ಸಾಲಿಗೆ ಸೇರಿದಂತಾಗುತ್ತದೆಂಬ ಭಯ. ಟೈಪಿಸ್ಟಿಗೆ ಹಳೆಯ ಬಾಗಿಲುಗಳ ಮುಂದೆ ನಿಂತು ಫೋಟೊ ಬೇಕಿತ್ತು. ಕ್ಯಾಷಿಯರನಿಗೆ ಬಸ್ಸಿನಲ್ಲಿ ಮೇಡಂ ಪಕ್ಕದ ಸೀಟು ಬೇಕಿತ್ತು. ಆದ್ದರಿಂದ ಎಲ್ಲರೂ ಸಂಸ್ಕೃತಿ, ಪರಂಪರೆ ಎಂದು ಒಟ್ಟಿಗೆ ಗಂಟಲು ಹರಿದುಕೊಂಡರು. ಅವರ ಗದ್ದಲ ತಾಳಲಾರದೆ ಪಕ್ಕದ ಮೇಜಿನವರು ತಟ್ಟೆ ಎತ್ತಿಕೊಂಡು ಹೋದರು.

ಕೊನೆಗೆ ಮೇಡಂ ಚಮಚದಿಂದ ಲೋಟ ತಟ್ಟಿದರು. "ಬೀಚು ಎಲ್ಲ ಊರಲ್ಲೂ ಒಂದೇ. ಊರನ್ನ ಬಲ್ಲವರು ಜೊತೇಲಿರೋದು ಎಲ್ಲ ಸಲ ಸಿಗಲ್ಲ. ಹಳೇ ಪೇಟೆಗೆ ಹೋಗೋಣ. ಇವರೇ ತೋರಿಸ್ಲಿ."

"ಮೇಡಂ, ನನ್ನ ಮೊಣಕಾಲು," ಎಂದು ಅವನು ನರಳಿದ.

ಹೆಂಡತಿ ಕೈಚೀಲದಿಂದ ಮುಲಾಮು ತೆಗೆದು ಅಲ್ಲೇ ಬಗ್ಗಿ ಪ್ಯಾಂಟು ಮಡಚಿ ತಿಕ್ಕತೊಡಗಿದಳು. "ಇಷ್ಟು ದೂರ ಬಂದು ಅಜ್ಜೀನ ನೋಡದೆ ಹೋದ್ರೆ ಆ ಜೀವ ಏನಂದ್ಕೊಳ್ಳುತ್ತೆ ರೀ? ನಡಿಯೋಕಾಗ್ದಿದ್ರೆ ನಾನು ಹಿಡ್ಕೊಳ್ತೀನಿ." ಮೂರು ತಿಂಗಳು ಹೆಣೆದ ಶಾಲು ಅವಳ ಚೀಲದ ಬಾಯಿಂದ ಇಣುಕುತ್ತಿತ್ತು.

ಇಳಿದ ಮೇಲೆ ಅವನು ಇನ್ನೊಂದು ಪ್ರಯತ್ನ ಮಾಡಿದ. ಎಲ್ಲರೂ ಟೋಪಿ ಕನ್ನಡಕ ಸರಿಮಾಡಿಕೊಳ್ಳುತ್ತಿರುವಾಗ ಮೆಲ್ಲಗೆ ನೀಲಿ ಬಸ್ಸು ಹತ್ತಿ, ಕೊನೆಯ ಸೀಟಿನಲ್ಲಿ ತಲೆ ತಗ್ಗಿಸಿ ಕೂತ. ಟೈಪಿಸ್ಟ್ ಅಲ್ಲಿಗೂ ಬಂದಳು. "ಸಾರ್, ತಪ್ಪು ಬಸ್ ಹತ್ತಿದ್ದೀರಿ. ನಿಮ್ಮನ್ನೇ ಹುಡುಕ್ತಿದ್ದಾರೆ." ಊರು ಬಲ್ಲವನೇ ಬಸ್ಸು ತಪ್ಪಿದ್ದಕ್ಕೆ ಎಲ್ಲರೂ ನಕ್ಕರು.

ಹಳದಿ ಬಸ್ಸಿನ ಬಾಗಿಲಲ್ಲಿ ಹಡಗಿನವರ ಗೈಡ್ ಹುಡುಗಿಯೊಬ್ಬಳು ಬಾವುಟ ಹಿಡಿದು ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಕ್ಯಾಷಿಯರ್ ಅವಳಿಗೆ ಕೈಮುಗಿದ. "ಬೇಡಮ್ಮ, ನೀನು ಆ ಬಸ್ಸಿಗೆ ಹೋಗು. ಈ ಊರು ಅರೆದು ಕುಡಿದವರು ನಮ್ಮಲ್ಲೇ ಇದ್ದಾರೆ." ಅವಳು ಭುಜ ಕುಣಿಸಿ ನೀಲಿ ಬಸ್ಸಿಗೆ ಹೋದಳು.

ಬಸ್ಸು ಹೊರಟಿತು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಇನ್ನು ಅರ್ಧ ಗಂಟೆಯಲ್ಲಿ ಬಣ್ಣ ಬಯಲಾಗುವುದು ಖಂಡಿತ ಎಂದುಕೊಂಡ. ಹೆಂಡತಿ ಅಕ್ಕತಂಗಿಯರಿಗೆ ಏನು ಹೇಳುತ್ತಾಳೆ, ನಾಳೆಯಿಂದ ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ ಎಂದು ಲೆಕ್ಕ ಹಾಕುತ್ತ ಕೂತ. ಆಗಲೇ ಅವನಿಗೆ ತನ್ನ ಹಳೆಯ ಕಸುಬು ನೆನಪಾದದ್ದು.

ಮೇಲ್ವಿಚಾರಕನಾಗುವ ಮೊದಲು ಅವನು ಹನ್ನೊಂದು ವರ್ಷ ಮನೆಮನೆಗೆ ಹೋಗಿ ಮೀಟರ್ ಓದುತ್ತಿದ್ದವನು. ಮನೆಗೆ ಬೀಗ ಹಾಕಿದ್ದರೆ ಹಿಂದಿನ ತಿಂಗಳುಗಳ ಸರಾಸರಿ ನೋಡಿ ಅಂದಾಜು ರೀಡಿಂಗ್ ಬರೆಯಬಹುದೆಂದು ನಿಯಮವಿದೆ. ಅವನು ನಿಯಮವನ್ನು ಸ್ವಲ್ಪ ಹಿಗ್ಗಿಸಿದ್ದ. ಬೀದಿಯ ಮೊದಲ ಅಂಗಡಿಯ ಬೆಂಚಿನ ಮೇಲೆ ಕೂತು ಇಡೀ ಬೀದಿಯ ರೀಡಿಂಗ್ ಬರೆದು ಮುಗಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ತಕರಾರು ಬಂದದ್ದು ಒಂದೇ ಮನೆಯಿಂದ. ಅದು ಹಿಂದಿನ ತಿಂಗಳು ಸುಟ್ಟು ಬೂದಿಯಾಗಿತ್ತು. ಕಾಣದ್ದನ್ನು ಕಂಡಂತೆ ಬರೆಯುವುದರಲ್ಲಿ ಪಳಗಿದ ಕೈ ತನ್ನದು, ಊರೂ ಒಂದು ಬೀಗ ಹಾಕಿದ ಮನೆ ತಾನೆ ಎಂದುಕೊಂಡ. ಹಳೇ ಪೇಟೆಗಳಿಗೆಲ್ಲ ಸರಾಸರಿ ಒಂದೇ. ಒಂದು ಚೌಕ, ಒಂದು ಗೋಪುರ, ಕುದುರೆ ಏರಿದ ಒಬ್ಬ ಸೇನಾಪತಿ, ನಾಲ್ಕು ಇಕ್ಕಟ್ಟು ಗಲ್ಲಿ. ಅವನ ಉಸಿರಾಟ ಸರಿಹೋಯಿತು.

ಚೌಕದಲ್ಲಿ ಇಳಿದಾಗ ಸೇನಾಪತಿ ಕುದುರೆಯ ಮೇಲೆ ಇದ್ದೇ ಇದ್ದ.

"ನೋಡಿ, ಇವನೇ," ಎಂದ ಅವನು, ಬಹಳ ದಿನದ ಮೇಲೆ ಸಿಕ್ಕ ಗೆಳೆಯನನ್ನು ತೋರಿಸುವ ಹಾಗೆ. "ವೈರಿಗಳು ಊರಿಗೆ ಮುತ್ತಿಗೆ ಹಾಕಿದ್ದಾಗ ಬಿಡಿಸಿದವನು."

"ಹೆಸರೇನು ಸಾರ್?" ಟೈಪಿಸ್ಟ್ ನೋಟ್‌ಬುಕ್ ತೆರೆದಳು. ಕಲ್ಲಿನ ಮೇಲೆ ಕೆತ್ತಿದ ಅಕ್ಷರ ಯಾವ ಭಾಷೆಯದೋ, ಯಾರಿಗೂ ಓದಲು ಬರುವಂತಿರಲಿಲ್ಲ.

"ಹೆಸರು ಹಿಡಿದು ಯಾರೂ ಕರೆಯಲ್ಲ. ಗೌರವ. ದೊಡ್ಡಪ್ಪ ಅಂತಾರೆ."

ಅವಳು ದೊಡ್ಡಪ್ಪ ಎಂದು ಬರೆದುಕೊಂಡಳು.

ಗೋಪುರವೂ ಇತ್ತು. ಅದರಲ್ಲಿ ಗಡಿಯಾರವಿರಲಿಲ್ಲ. "ರಿಪೇರಿಗೆ ಇಳಿಸಿರ್ತಾರೆ," ಎಂದ. ಬೂಟಿನ ಅಂಗಡಿಯ ಮುಂದೆ ಕ್ಯಾಷಿಯರನಿಗೆ ಶೌಚಾಲಯದ ಅವಸರ ಬಂತು. "ಸಾರ್, ಸ್ವಲ್ಪ ಅವರ ಭಾಷೇಲಿ ಕೇಳಿ," ಎಂದ. ಸಂಘದ ವಾರ್ಷಿಕೋತ್ಸವಗಳಲ್ಲಿ ಆಡಿ ತೋರಿಸಲೆಂದು ಮೇಲ್ವಿಚಾರಕ ಸ್ವಂತವಾಗಿ ಹುಟ್ಟಿಸಿಕೊಂಡ ನಾಲ್ಕು ಪದಗಳಿದ್ದವು. ನಾಲ್ಕನ್ನೂ ಒಟ್ಟಿಗೆ ಪ್ರಯೋಗಿಸಿದ. ಅಂಗಡಿಯವನು ಪಿಳಿಪಿಳಿ ನೋಡಿದ. ಒಳಗಿಂದ ಹೆಂಡತಿಯನ್ನು ಕರೆದ. ಇಬ್ಬರೂ ಸೇರಿ ಪಿಳಿಪಿಳಿ ನೋಡಿದರು.

"ಈಗಿನವರಿಗೆ ಅವರ ಭಾಷೆನೇ ಬರಲ್ಲ," ಎಂದು ಅವನು ಮುಖ ಸಿಂಡರಿಸಿದ. "ನಾನಲ್ಲಿದ್ದಾಗ ಎಂಥಾ ಮಾತು ಆಡೋರು."

"ಎಲ್ಲ ಕಡೆ ಹಾಗೇ ಆಗಿದೆ ಬಿಡಿ," ಎಂದು ಕ್ಯಾಷಿಯರ್ ಕಾಲು ಜೋಡಿಸಿಕೊಂಡೇ ನಿಟ್ಟುಸಿರಿಟ್ಟ.

ಆಗ ಹೆಂಡತಿ ಸುತ್ತಮುತ್ತ ನೋಡಿ ಕೇಳಿದಳು. "ರೀ, ನದಿ ಎಲ್ಲಿ? ಸೇತುವೆ?"

ಎಲ್ಲರೂ ಕತ್ತು ತಿರುಗಿಸಿದರು. ಕಣ್ಣಿಗೆ ಕಾಣುವಷ್ಟು ದೂರ ನದಿಯಿರಲಿ, ಒಂದು ಹಳ್ಳವೂ ಇರಲಿಲ್ಲ. ಅವನ ನಾಲಿಗೆ ಒಣಗಿತು. ಒಣಗಿದ ನಾಲಿಗೆಯೇ ಎಲ್ಲಿಂದಲೋ ಮಾತು ತಂದಿತು.

"ನೀನೀಗ ನಿಂತಿರೋದೇ ನದಿ ಮೇಲೆ," ಎಂದ. "ಪ್ರತಿ ವರ್ಷ ಉಕ್ಕಿ ಊರೊಳಗೆ ಬರ್ತಿತ್ತು. ಬೇಸತ್ತು ಪೈಪಿಗೆ ಹಾಕಿ, ಮೇಲೆ ರಸ್ತೆ ಎಳೆದುಬಿಟ್ಟಿದ್ದಾರೆ. ಸೇತುವೆ ಇಟ್ಕೊಂಡು ಏನು ಮಾಡ್ತಾರೆ? ಕೆಡವಿದ್ದಾರೆ."

ಬೇರೆ ಯಾವ ಕಚೇರಿಯವರಾಗಿದ್ದರೂ ಅಲ್ಲೇ ಸಿಕ್ಕಿಬೀಳುತ್ತಿದ್ದ. ಇವರು ನೀರಿನ ಇಲಾಖೆಯವರು. ಮೇಡಂ ಕಣ್ಣು ಮಿನುಗಿತು. ರಸ್ತೆಯ ನಡುವೆ ಒಂದು ಕಬ್ಬಿಣದ ಮುಚ್ಚಳ ಕಂಡಿತು. ಹೋಗಿ ಮಂಡಿಯೂರಿ ಕಿವಿ ಇಟ್ಟರು. "ಹೌದು, ಹರಿಯೋ ಶಬ್ದ ಇದೆ," ಎಂದರು. ಮೇಡಂ ಕಿವಿ ಇಟ್ಟ ಮೇಲೆ ಉಳಿದವರು ನಿಂತಿರಲಾದೀತೆ? ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ಕಿವಿ ಇಟ್ಟು, ಶಬ್ದ ಕೇಳಿಸಿತೆಂದು ತಲೆದೂಗಿದರು. ವಾಸನೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅಂಗಡಿಗಳವರು ಹೊರಗೆ ಬಂದು ಈ ಪರದೇಶಿಗಳು ತಮ್ಮೂರಿನ ಚರಂಡಿಗೆ ಬಾಗಿ ನಮಸ್ಕರಿಸುವುದನ್ನು ನೋಡುತ್ತ ನಿಂತರು.

"ಪೈಪಿನ ವ್ಯಾಸ ಎಷ್ಟಿರಬಹುದು?" ಎಂದು ಮೇಡಂ ಕೇಳಿದರು.

"ಆನೆ ನಡ್ಕೊಂಡು ಹೋಗುತ್ತೆ ಮೇಡಂ."

"ನಮ್ಮಲ್ಲಿ ಒಂದು ಮೋರಿ ಮುಚ್ಚೋಕೆ ಒಂಬತ್ತು ವರ್ಷ ಹಿಡೀತು. ಊರಿಗೆ ಹೋದ ಮೇಲೆ ಇದರ ಬಗ್ಗೆ ನೀವೊಂದು ವರದಿ ಕೊಡಿ."

ಅವನಿಗೆ ಎದೆ ಉಬ್ಬಿತು. ಸುಳ್ಳು ಹೇಳುವವನಿಗೆ ಹೆದರಿಕೆ ಇರುವಷ್ಟು ಹೊತ್ತು ಸ್ವಲ್ಪ ಬುದ್ಧಿಯೂ ಇರುತ್ತದೆ. ಅದು ಹೋಯಿತು. ಇಲ್ಲಿ ತಾನು ಕಾಫಿ ಕುಡಿಯುತ್ತಿದ್ದೆ, ಅಲ್ಲಿ ಕೊಡೆ ಕಳೆದುಕೊಂಡಿದ್ದೆ, ಆ ಬಾಲ್ಕನಿಯ ಹುಡುಗಿ ತನ್ನನ್ನು ನೋಡಲೆಂದೇ ಬಟ್ಟೆ ಒಣಹಾಕುತ್ತಿದ್ದಳು ಎಂದು ತಾನಾಗಿಯೇ ತೋರಿಸುತ್ತ ಹೋದ. ಬಾಲ್ಕನಿಯ ಹುಡುಗಿ ಹೆಂಡತಿಗೆ ಹೊಸ ಸುದ್ದಿ. ಅವಳು ಶಾಲಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು.

"ಅಜ್ಜಿ ಮನೆ," ಎಂದಳು.

"ಅಜ್ಜಿಗೆ ಆಗಲೇ ವಯಸ್ಸಾಗಿತ್ತು ಕಣೇ. ಇಷ್ಟು ಹೊತ್ತಿಗೆ..."

"ಹೋದ ವರ್ಷ ಆಫೀಸಿಗೆ ಅವರ ಕಾರ್ಡ್ ಬಂತು ಅಂದ್ರಲ್ಲ."

ಅಂದಿದ್ದು ಹೌದು. ಬೇರೆ ದಾರಿ ಇರಲಿಲ್ಲ. ಅವನು ಮುಂದೆ, ಹನ್ನೆರಡು ಜನ ಹಿಂದೆ, ಗಲ್ಲಿಯಿಂದ ಗಲ್ಲಿಗೆ ಅಲೆದರು. ಬೆಳಿಗ್ಗೆ ಸುಳ್ಳಿಗೆ ಹಿಡಿದಿದ್ದ ಮೊಣಕಾಲು ಈಗ ನಿಜವಾಗಿಯೂ ಹಿಡಿದುಕೊಂಡಿತು. ಮೊದಲು ತಟ್ಟಿದ ಬಾಗಿಲಿನ ಹಿಂದಿನಿಂದ ನಾಯಿ ಬೊಗಳಿತು. "ಬಣ್ಣ ಬದಲಾಯಿಸಿದ್ದಾರೆ, ಗುರುತು ಸಿಗಲಿಲ್ಲ," ಎಂದ. ಎರಡನೆಯದರಲ್ಲಿ ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಕೊಂಡ ಗಂಡಸೊಬ್ಬ ಇಣುಕಿದ. ಅವನನ್ನು ಅಜ್ಜಿಯ ತಮ್ಮನ ಮಗನೆಂದು ಪರಿಚಯಿಸುವಷ್ಟರಲ್ಲಿ ಕದ ಮುಚ್ಚಿತು. ಮೂರನೆಯದು ಹಸಿರು ಬಾಗಿಲು. ಕೈಯಲ್ಲಿ ಪೊರಕೆ ಹಿಡಿದ ಒಬ್ಬ ಮುದುಕಿ ಹೊರಗೆ ಬಂದಳು.

ಅವನು ಒಂದೇ ಹೆಜ್ಜೆಗೆ ಹೋಗಿ ಅವಳ ಎರಡು ಕೈಯನ್ನೂ ಪೊರಕೆ ಸಮೇತ ಹಿಡಿದುಕೊಂಡ. "ಅಜ್ಜೀ," ಎಂದ. ಕಣ್ಣಲ್ಲಿ ನೀರು ಬಂತು. ಅದು ಬರೀ ಹೆದರಿಕೆಯ ನೀರು, ಆದರೆ ನೋಡುವವರಿಗೆ ಅದೇನು ತಿಳಿಯುತ್ತದೆ? ಟೈಪಿಸ್ಟ್ ಮೂಗೊರೆಸಿಕೊಂಡಳು. ಹೆಂಡತಿ ಬಿಕ್ಕುತ್ತ ಮುಂದೆ ಬಂದು ಮುದುಕಿಯ ಹೆಗಲಿಗೆ ಶಾಲು ಹೊದಿಸಿದಳು.

ಮುದುಕಿ ಅಳುವ ಗಂಡಸನ್ನು ನೋಡಿದಳು, ಅಳುವ ಹೆಂಗಸನ್ನು ನೋಡಿದಳು, ಹಿಂದೆ ಸಾಲಾಗಿ ನಿಂತವರನ್ನು ನೋಡಿದಳು. ಶಾಲಿನ ಅಂಚನ್ನು ಬೆರಳಿನಿಂದ ತಿಕ್ಕಿ ಪರೀಕ್ಷಿಸಿದಳು. ಒಳ್ಳೆಯ ಉಲ್ಲನ್. ಅವನ ಕೆನ್ನೆ ಹಿಂಡಿ ಏನೋ ಎರಡು ಮಾತು ಹೇಳಿ, ಯಾರಾದರೂ ಮನಸ್ಸು ಬದಲಿಸುವ ಮೊದಲೇ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

"ಏನಂದ್ರು ರೀ?"

"ಯಾಕೋ ಮಗನೇ ಇಷ್ಟು ಸೊರಗಿದ್ದೀಯ ಅಂದ್ರು."

ಕ್ಯಾಷಿಯರ್ ಅವನ ಹೊಟ್ಟೆಯನ್ನು ನೋಡಿ ಕೆಮ್ಮಿದ.

ಬಸ್ಸಿಗೆ ಮರಳುವಾಗ ಹೆಂಡತಿ ಅವನ ತೋಳು ಹಿಡಿದುಕೊಂಡಳು. ಎಷ್ಟೋ ವರ್ಷದಿಂದ ಹಾಗೆ ಹಿಡಿದಿರಲಿಲ್ಲ. "ತಪ್ಪು ತಿಳ್ಕೋಬೇಡಿ," ಎಂದಳು ಮೆಲ್ಲಗೆ. "ನನಗೆ ಒಳಗೊಳಗೇ ಒಂದು ಅನುಮಾನ ಇತ್ತು. ಇವರು ಅಲ್ಲಿಗೆ ಹೋಗೇ ಇಲ್ವೇನೋ, ನಮ್ಮಪ್ಪನ್ನ ಒಪ್ಪಿಸೋಕೆ ಹೇಳಿದ್ರೇನೋ ಅಂತ. ಇಷ್ಟು ವರ್ಷ ಹಾಗಂದ್ಕೊಂಡು ಬಾಳಿದೆನಲ್ಲ, ನನಗೇ ನಾಚಿಕೆಯಾಗುತ್ತೆ."

ಒಂದು ಗಳಿಗೆ ಅವನಿಗೂ ನಾಚಿಕೆಯಾಯಿತು. ಆ ಗಳಿಗೆಯಲ್ಲಿ ನಿಜ ಹೇಳಿಬಿಟ್ಟಿದ್ದರೆ ಅವನೊಬ್ಬ ಮನುಷ್ಯ ಎನ್ನಬಹುದಿತ್ತು. "ಇರ್ಲಿ ಬಿಡು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ," ಎಂದು ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿದ.

ಸಂಜೆಯ ಗಾಳಿಗೆ ಸ್ವೆಟರ್ ಹಾಕಿಕೊಂಡು ಅವನು ಉಳಿದವರೊಂದಿಗೆ ಹಡಗಿನ ಡೆಕ್ಕಿಗೆ ಬಂದಾಗ ಪಂಪ್ ಆಪರೇಟರ್ ಅಲ್ಲಿ ಕೂತಿದ್ದ. ಮೈ ಕೆಂಪಗೆ ಸುಟ್ಟಿತ್ತು, ಕಿವಿಯಲ್ಲಿ ಮರಳಿತ್ತು, ಕೈಯಲ್ಲಿ ಐಸ್‌ಕ್ರೀಮ್ ಇತ್ತು. ಇಡೀ ದಿನ ನೀರಲ್ಲಿ ಬಿದ್ದುಕೊಂಡಿದ್ದವನ ಮುಖದಲ್ಲಿ ಎಂಥಾ ತೃಪ್ತಿ ಇರುತ್ತದೋ ಅದಿತ್ತು.

"ಏನಪ್ಪಾ, ಬೀಚು ಮುಗೀತಾ?" ಎಂದ ಕ್ಯಾಷಿಯರ್. "ಎಂಥಾ ಊರು ನೋಡೋದು ತಪ್ಪಿಸ್ಕೊಂಡೆ ಗೊತ್ತಾ?"

"ನಾಳೆ ನೋಡ್ತೀನಲ್ಲ," ಎಂದ ಅವನು. "ಬೀಚು ಇವತ್ತು ಆಯ್ತು. ನಾಳೆ ನಿಮ್ಮ ಜೊತೆ ಬರ್ತೀನಿ. ನಾಳೆ ತಾನೆ ಸಾರ್ ನಿಮ್ಮೂರು ಬರೋದು?"

ಯಾರಿಗೂ ಅರ್ಥವಾಗಲಿಲ್ಲ. "ಯಾವೂರು?" ಎಂದು ಮೇಡಂ ಕೇಳಿದರು.

"ಸಾರ್ ಇದ್ದ ಊರು. ಆ ಕಡೆ ಗಾಳಿ ಜಾಸ್ತಿ ಅಂತ ಹಡಗು ಇವತ್ತು ಅಲ್ಲಿಗೆ ಹೋಗ್ಲಿಲ್ಲ. ಬದಲಿಗೆ ಇಲ್ಲಿ ನಿಲ್ಲಿಸಿದ್ದಾರೆ, ಇದು ಬೇರೆ ಊರು. ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಮೈಕಲ್ಲಿ ಮೂರು ಸಲ ಹೇಳಿದ್ರಂತೆ. ನನಗೂ ಕೇಳ್ಲಿಲ್ಲ, ನೀವೆಲ್ಲ ಕೂಗಾಡ್ತಿದ್ರಲ್ಲ. ಬಸ್ಸಲ್ಲಿ ಗೈಡ್ ಹುಡುಗಿ ಹೇಳಿದ್ಳು." ಐಸ್‌ಕ್ರೀಮ್ ಸೋರದಂತೆ ಒಂದು ಸಲ ನೆಕ್ಕಿ ಮಾತು ಮುಂದುವರಿಸಿದ. "ಪಾಪ, ಈ ಊರಲ್ಲಿ ನದಿ ಗಿದಿ ಏನೂ ಇಲ್ಲವಂತೆ ಮೇಡಂ, ಯಾವತ್ತೂ ಇರಲಿಲ್ಲವಂತೆ. ಕುಡಿಯೋ ನೀರು ಕೂಡ ಲಾರೀಲಿ ಬರುತ್ತಂತೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಟೈಪಿಸ್ಟ್ ನೋಟ್‌ಬುಕ್ ಮುಚ್ಚಿದಳು. ಕ್ಯಾಷಿಯರ್ ಕರವಸ್ತ್ರ ತೆಗೆದು ಮುಚ್ಚಳಕ್ಕೆ ಇಟ್ಟಿದ್ದ ಕಿವಿಯನ್ನು ಒತ್ತಿ ಒತ್ತಿ ಒರೆಸಿಕೊಂಡ.

"ಹಾಗಾದ್ರೆ ಆ ಪೈಪಲ್ಲಿ ಹರೀತಿದ್ದದ್ದು..." ಎಂದು ಶುರು ಮಾಡಿದ ಮೇಡಂ, ಉತ್ತರ ತಮಗೇ ಹೊಳೆದು ಮಂಡಿಯ ಹತ್ತಿರದ ಮಣ್ಣು ಕೊಡವಿಕೊಂಡರು.

ಅವನು ಬಾಯಿ ತೆರೆದ. ಅಭ್ಯಾಸಬಲದಿಂದ "ನಾನಲ್ಲಿ" ಎಂಬಷ್ಟು ಹೊರಗೆ ಬಂತು. ಉಳಿದದ್ದನ್ನು ನುಂಗಿಕೊಂಡ.

ಅಷ್ಟರಲ್ಲಿ ಗೈಡ್ ಹುಡುಗಿ ಮರುದಿನದ ಪಟ್ಟಿ ತಂದು ಮೇಜಿನ ಮೇಲಿಟ್ಟಳು. ಬೀಚಿಗೆ ಯಾರು, ಹಳೇ ಪೇಟೆಗೆ ಯಾರು ಎಂದು ಹೆಸರು ಬರೆಯಬೇಕು. ಕ್ಯಾಷಿಯರ್ ಎಲ್ಲರಿಗಿಂತ ಮೊದಲು ಪೆನ್ನು ಎತ್ತಿಕೊಂಡ. "ಹಳೇ ಪೇಟೆ," ಎಂದು ಬಾಯಲ್ಲೂ ಹೇಳಿಕೊಂಡು ಬರೆದ. ಮೇಡಂ ಬರೆದರು. ಟೈಪಿಸ್ಟ್ ಬರೆದಳು. ಹಳೆಯ ಊರುಗಳ ಮೇಲೆ ಆ ಕಚೇರಿಗೆ ಇಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಪಂಪ್ ಆಪರೇಟರ್ ಕೂಡ ಬೆರಳು ಒರೆಸಿಕೊಂಡು ಅದೇ ಸಾಲಿನಲ್ಲಿ ಹೆಸರು ಬರೆದ. ಅವನಿಗೆ ಮಾತ್ರ ನಿಜವಾಗಿಯೂ ಸಿಂಹ ನೋಡುವ ಆಸೆಯಿತ್ತು.

"ನಮ್ಮಿಬ್ಬರದು ಬೀಚು ಅಂತ ಬರೀತೀನಿ," ಎಂದು ಅವನು ಕೈ ಚಾಚಿದ. "ಮೊಣಕಾಲು ನಿಜವಾಗ್ಲೂ ನೋಯ್ತಿದೆ ಕಣೇ."

ಹೆಂಡತಿ ಅವನ ಕೈಗಿಂತ ಮೊದಲು ಕಾಗದ ಎಳೆದುಕೊಂಡಳು. ಹಳೇ ಪೇಟೆಯ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ಎರಡು ಹೆಸರು ಬರೆದಳು. ಪೆನ್ನಿನ ಮುಚ್ಚಳ ಹಾಕಿ ಹುಡುಗಿಗೆ ಕೊಟ್ಟಳು. ಆಮೇಲೆ ಅವನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಸ್ವೆಟರ್ ಬಿಚ್ಚಿ ಕೊಡಿ," ಎಂದಳು.

"ಯಾಕೆ?"

"ನಾಳೆ ಅಜ್ಜೀನ ನೋಡೋಕೆ ಬರಿಗೈಲಿ ಹೇಗೆ ಹೋಗೋದು? ಶಾಲು ಯಾರಿಗೋ ಕೊಟ್ಟಾಯ್ತು. ಇದನ್ನ ಒಗೆದು ಒಣಹಾಕ್ತೀನಿ."

ಅದೂ ಅವಳೇ ಹೆಣೆದದ್ದು. ಹಡಗು ಆಗಲೇ ಹೊರಟಿತ್ತು, ಗಾಳಿ ಚುರುಗುಟ್ಟುತ್ತಿತ್ತು. ಎಲ್ಲರೂ ನೋಡುತ್ತಿರುವಾಗ ಅವನು ಸ್ವೆಟರನ್ನು ತಲೆಯ ಮೇಲಿಂದ ಎಳೆದು ಅವಳ ಕೈಗೆ ಕೊಟ್ಟು, ಬರೀ ಅಂಗಿಯಲ್ಲಿ ಕೂತ.